ಹಳೆ ಮರದ ಸಾಮಾನು ಬೆಂಗಳೂರಲ್ಲಿ ಎಲ್ಲಿ ಹುಡುಕೋದು, ಹೇಗೆ ಸರಿ ಮಾಡಿಸೋದು?

ಕತ್ರಿಗುಪ್ಪೆಯಿಂದ ಪ್ರಶ್ನೆ

ನಮಸ್ಕಾರ. ಹೋದ ತಿಂಗಳು ಬಾಡಿಗೆ ಮನೆ ಬದಲಾಯಿಸಿದೆವು. ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾಲ್ಕು ವರ್ಷದ ಹಿಂದೆ ಕೊಂಡಿದ್ದ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಮೆಟ್ಟಿಲು ಇಳಿಸುವಾಗಲೇ ಕೈಕೊಟ್ಟಿತು. ಸ್ಕ್ರೂ ಇದ್ದ ಜಾಗದಲ್ಲೆಲ್ಲ ರವೆ ಉದುರಿದ ಹಾಗೆ ಉದುರಿತು. ಈ ಸಲ ಗಟ್ಟಿ ಮರದ ಹಳೆಯದನ್ನೇ ತಗೊಳ್ಳೋಣ ಅಂತ ನಾನು. "ಯಾರ ಮನೆ ತಿಗಣೆಯೋ ಏನೋ" ಅಂತ ನಮ್ಮತ್ತೆ. ಒಂದು ಊಟದ ಮೇಜು, ಒಂದು ಬೀರು, ಎರಡು ಬೆತ್ತದ ಕುರ್ಚಿ ಬೇಕು. ಸಾಧ್ಯವಾದರೆ ಒಂದು ಲೋಲಕದ ಗಡಿಯಾರವೂ ಬೇಕು, ಅದು ಬರೀ ಆಸೆ. ಎಲ್ಲ ಸೇರಿ 40,000 ರೂಪಾಯಿ ದಾಟಬಾರದು. ಎಲ್ಲಿ ಹೋಗಲಿ? ಮೋಸ ಹೋಗದೆ ಇರೋದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ

ಮೊದಲು ನಿಮ್ಮತ್ತೆಯ ಮಾತಿಗೆ ಬರುತ್ತೇನೆ, ಅವರು ಹೇಳಿದ್ದು ತಪ್ಪಲ್ಲ. ಮಂಚ, ಸೋಫಾ, ಮೆತ್ತೆ ಇರುವ ಕುರ್ಚಿ ಹಳೆಯದು ತರಲೇಬೇಡಿ. ಮೆತ್ತೆ ಇಲ್ಲದ ಬರೀ ಮರವಾದರೆ ಭಯ ಕಡಿಮೆ. ಆದರೂ ಮೊಬೈಲ್ ಟಾರ್ಚ್ ಹಾಕಿ ಕೀಲು, ಸಂದಿ, ಸ್ಕ್ರೂ ತೂತು ನೋಡಿ. ಇಂಕು ಚುಕ್ಕೆ ಇಟ್ಟ ಹಾಗೆ ಕಪ್ಪು ಕಲೆಗಳಿದ್ದರೆ ತಿಗಣೆ ಅಂತಲೇ ಲೆಕ್ಕ. ನಮ್ಮಜ್ಜಿ ಮಂಚವನ್ನು ಅಂಗಳಕ್ಕೆ ಎಳೆದು ಸಂದಿಗೆಲ್ಲ ಕುದಿಯುವ ನೀರು ಹೊಯ್ಯುತ್ತಿದ್ದರು. ಕೆಲಸ ಮಾಡುತ್ತೆ, ಪಾಲಿಶ್ ಮಾತ್ರ ಉಳಿಯಲ್ಲ. ಹಾಗಾಗಿ ಪಾಲಿಶ್‌ಗೆ ಮುಂಚೆ ಮಾಡಬೇಕು.

ಇನ್ನು ಜಾಗ. ನಾನು ಐದಾರು ವರ್ಷದಿಂದ ಸುತ್ತುತ್ತಿದ್ದೇನೆ. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಏನು ಬೇಕಾದರೂ ಸಿಗುತ್ತದೆ, ಆದರೆ ನಿಮಗೆ ಬೇಕಾದ ದಿನ ಸಿಗಲ್ಲ. ಭಾನುವಾರ ಬೆಳಗ್ಗೆ ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಅಂಗಡಿ ಮುಚ್ಚಿರುವಾಗ ಫುಟ್‌ಪಾತ್ ಮೇಲೆ ಹಳೆ ಸಾಮಾನು ಹರಡುತ್ತಾರಲ್ಲ, ಅದು ಚಿಲಕ, ಹಿಡಿ, ಹಿತ್ತಾಳೆ ಸಣ್ಣಪುಟ್ಟದಕ್ಕೆ ಒಳ್ಳೆಯದು. ಮೇಜು ಗೀಜು ಅಲ್ಲಿ ನಿರೀಕ್ಷಿಸಬೇಡಿ. ಬೇಗ ಹೋಗಿ, ಹತ್ತು ಗಂಟೆಗೆ ಹೋದರೆ ಬರೀ ಜನರನ್ನು ನೋಡಿ ಬರಬೇಕು. ಹಳೆ ಬಾಗಿಲು, ಕಿಟಕಿ, ತೊಲೆ ಬೇಕಿದ್ದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ವಿಚಾರಿಸಿ.

ನನಗೆ ನಿಜವಾಗಿ ಲಾಭ ಆಗಿದ್ದು ಅಂಗಡಿಯಲ್ಲಲ್ಲ, ಒಡೆಯುವ ಮನೆಗಳಲ್ಲಿ. 1898ರ ಪ್ಲೇಗ್ ಆದ ಮೇಲೆ ಬೆಳೆದ ಬಡಾವಣೆ ನಮ್ಮದು. ಮಲ್ಲೇಶ್ವರವೂ ಹಾಗೇ. ಇಲ್ಲಿನ ಹಳೆ ಮನೆಗಳಲ್ಲಿ ಮದ್ರಾಸ್ ಟೆರೇಸ್ ಜಾಸ್ತಿ. ಅಂದರೆ ಸಾಲಾಗಿ ತೇಗದ ತೊಲೆ, ಅದರ ಮೇಲೆ ಇಟ್ಟಿಗೆ, ಗಾರೆ. ಮನೆ ಕೆಡವುವಾಗ ಆ ತೊಲೆಗಳು ಹೊರಗೆ ಬರುತ್ತವೆ. ನಮ್ಮ ಬೀದಿಯ ಒಂದು ಮನೆ ಕೆಡವುವಾಗ ಮೇಸ್ತ್ರಿಯನ್ನು ಕೇಳಿ ನಾಲ್ಕು ತೊಲೆ ಕೊಂಡು ಊಟದ ಮೇಜು ಮಾಡಿಸಿದೆ. ಒಂದೇ ಎಚ್ಚರಿಕೆ: ಹಳೆ ಮರದಲ್ಲಿ ಒಳಗೆ ಮುರಿದ ಮೊಳೆ ಇರುತ್ತದೆ. ಮಿಷನ್ನಿಗೆ ಕೊಡುವ ಮೊದಲು ಗಟ್ಟಿ ಅಯಸ್ಕಾಂತ ಆಡಿಸಿ ಹುಡುಕಿ. ಬ್ಲೇಡ್ ಹೋದರೆ ಅದರ ದುಡ್ಡೂ ನಿಮ್ಮದೇ, ಬೈಗುಳವೂ ನಿಮಗೇ.

ಮರ ಗುರುತಿಸೋದಕ್ಕೆ ಹೊಳಪು ನೋಡಬೇಡಿ. ಮಾರುವವರ ಬಾಯಲ್ಲಿ ಎಲ್ಲವೂ 'ಬರ್ಮಾ ಟೀಕ್'. ಡ್ರಾ ಪೂರ್ತಿ ಹೊರಗೆ ಎಳೆದು ತಲೆಕೆಳಗೆ ಮಾಡಿ. ಪಾಲಿಶ್ ಕಾಣದ ಜಾಗದಲ್ಲಿ ಸ್ವಲ್ಪ ಮರಳು ಕಾಗದ ಉಜ್ಜಿದರೆ ತೇಗಕ್ಕೆ ಒಂದು ಎಣ್ಣೆ ಎಣ್ಣೆ ವಾಸನೆ ಇರುತ್ತದೆ, ಬಣ್ಣ ಹೊನ್ನಿನ ಕಂದು. ಬೀಟೆಯಾದರೆ ಭಾರ, ಒಳಗೆ ನೇರಳೆ ಕಪ್ಪು ಗೆರೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಸಿಲ್ವರ್ ಓಕ್‌ಗೆ ತೇಗದ ಬಣ್ಣ ಬಳಿದು ಮಾರುವುದುಂಟು. ಎತ್ತಿದರೆ ಹಗುರ, ಅಲ್ಲೇ ಗೊತ್ತಾಗುತ್ತೆ. ಡ್ರಾ ಮೂಲೆಯಲ್ಲಿ ಎರಡು ಹಲಗೆ ಬೆರಳು ಹೆಣೆದ ಹಾಗೆ ಕೂಡಿದ್ದರೆ ಕೈ ಇರುವ ಆಚಾರಿ ಮಾಡಿದ್ದು. ಬರೀ ಮೊಳೆ ಹೊಡೆದಿದ್ದರೆ ಚೌಕಾಸಿ ಮಾಡಿ.

ಜೆ.ಪಿ. ನಗರದಿಂದ

ಮೇಲಿನವರು ಹುಳದ ವಿಷಯ ಬಿಟ್ಟರು. ಸೂಜಿ ತೂತು ಇದ್ದ ಮಾತ್ರಕ್ಕೆ ಹೆದರಬೇಡಿ, ಹುಳ ಯಾವತ್ತೋ ಹೋಗಿರಬಹುದು. ತಂದ ಮೇಲೆ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಮುಟ್ಟದೆ ಬಿಡಿ. ಕಾಗದದ ಮೇಲೆ ಹೊಸ ಪುಡಿ ಬಿದ್ದರೆ ಮಾತ್ರ ಹುಳ ಬದುಕಿದೆ ಅಂತ. ಅಲ್ಲಿಯವರೆಗೂ ಬೇರೆ ಮರದ ಸಾಮಾನಿನ ಹತ್ತಿರ ಇಡಬೇಡಿ. ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ಕರಗಿಸಿ ಹಚ್ಚಬಹುದು, ಆದರೆ ಬರೀ ಮರಕ್ಕೆ ಮಾತ್ರ. ಪಾಲಿಶ್ ಇದ್ದರೆ ಒಳಗೆ ಇಳಿಯಲ್ಲ. ಗೆದ್ದಲು ತಿಂದದ್ದಾದರೆ ಬೇಡ. ಸ್ಕ್ರೂಡ್ರೈವರ್ ಒತ್ತಿ ನೋಡಿ, ಒಳಗೆ ಹೋದರೆ ಅಲ್ಲೇ ಬಿಟ್ಟು ಬನ್ನಿ.

ರಾಜಾಜಿನಗರದಿಂದ

ಪಾಲಿಶ್ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ದುಡ್ಡು ಕೊಟ್ಟು ಕಲಿತಿದ್ದೇನೆ. ನಮ್ಮ ತಾತನ ಬರೆಯುವ ಮೇಜನ್ನು ಒಬ್ಬ ಪಾಲಿಶ್‌ನವರಿಗೆ ಕೊಟ್ಟೆ. ಆಫೀಸಿಂದ ಬರುವಷ್ಟರಲ್ಲಿ ಸ್ಯಾಂಡಿಂಗ್ ಮಿಷನ್ ಹಿಡಿದು ಮೇಲ್ಭಾಗ ಪೂರ್ತಿ ಉಜ್ಜಿಬಿಟ್ಟಿದ್ದರು. ಅದು ಗಟ್ಟಿ ಮರ ಅಲ್ಲ, ಮೇಲೆ ಬೀಟೆಯ ತೆಳು ಪದರ ಅಂಟಿಸಿದ್ದು. ಪದರ ಹರಿದು ಕೆಳಗಿನ ಬಿಳಿ ಮರ ದೋಸೆ ತಳ ಹಿಡಿದ ಹಾಗೆ ಅಲ್ಲಲ್ಲಿ ಕಾಣಿಸಿತು. ಅದನ್ನು ವಾಪಸ್ ತರೋದಕ್ಕೆ ಆಗಲ್ಲ. ತಾತ ಇಲ್ಲ, ಬೈಸಿಕೊಳ್ಳೋದು ತಪ್ಪಿತು.

ಅದಕ್ಕೇ ಹೇಳೋದು, ಮೊದಲು ಬರೀ ಒರೆಸಿ ನೋಡಿ. ಸೋಪು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಆಮೇಲೆ ಟರ್ಪೆಂಟೈನ್ ಹಾಕಿದ ಬಟ್ಟೆ. ಎಷ್ಟೋ ಸಲ ಐವತ್ತು ವರ್ಷದ ಎಣ್ಣೆ, ಕುಂಕುಮ, ದೂಳು ಹೋದ ಮೇಲೆ ಕೆಳಗಿನ ಹಳೆ ಪಾಲಿಶ್ಶೇ ಸಾಕಾಗಿರುತ್ತದೆ. ಅದು ಯಾವ ಪಾಲಿಶ್ ಅಂತ ತಿಳಿಯೋದಕ್ಕೆ ಹತ್ತಿಗೆ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒತ್ತಿ. ಅಂಟಂಟಾದರೆ ಅರಗಿನದು, ಅಂದರೆ ನಮ್ಮವರು ಫ್ರೆಂಚ್ ಪಾಲಿಶ್ ಅಂತಾರಲ್ಲ ಅದು. ಏನೂ ಆಗದಿದ್ದರೆ ಈಗಿನ ರಾಸಾಯನಿಕ ಪಾಲಿಶ್‌ಗಳಾದ ಮೆಲಮೈನೋ ಪಿಯುನೋ (ಪಾಲಿಯುರೆಥೇನ್) ಇರಬೇಕು. ಅರಗಿನದಾದರೆ ಕಿತ್ತು ಹಾಕೋದು ಬೇಡ, ಅದರ ಮೇಲೇ ಹೊಸ ಅರಗು ಕೂತುಕೊಳ್ಳುತ್ತದೆ.

ನಾನೇ ಮಾಡಿಕೊಳ್ಳುವುದು ಹೀಗೆ. ಅರಗಿನ ಚೂರನ್ನು ಹಿಂದಿನ ರಾತ್ರಿ ಸ್ಪಿರಿಟ್‌ನಲ್ಲಿ ನೆನೆಹಾಕುತ್ತೇನೆ. ಬೆಳಗ್ಗೆ ಬಟ್ಟೆಯಲ್ಲಿ ಸೋಸುತ್ತೇನೆ. ಹತ್ತಿಯನ್ನು ಹಳೆ ಮಲ್ ಪಂಚೆಯ ಚೂರಿನಲ್ಲಿ ಸುತ್ತಿ ಉಂಡೆ ಮಾಡಿ, ಮರದ ಗೆರೆ ಯಾವ ಕಡೆ ಹೋಗಿದೆಯೋ ಅದೇ ಕಡೆ ತೆಳ್ಳಗೆ ಎಳೆಯಬೇಕು. ಒಂದೇ ಸಲ ದಪ್ಪಗೆ ಹಚ್ಚಿದರೆ ಅಂಟಿಕೊಂಡು ಕೂರುತ್ತೆ. ತೆಳು ತೆಳುವಾಗಿ ಎಂಟು ಹತ್ತು ಕೈ ಬೇಕು. ಮಳೆಗಾಲದಲ್ಲಿ ಮಾಡಲೇಬೇಡಿ. ತೇವ ಸಿಕ್ಕಿದರೆ ಬಿಳಿ ಮಂಜು ಹಿಡಿದ ಹಾಗೆ ಆಗುತ್ತೆ. ಬೆಂಗಳೂರಿಗೆ ಫೆಬ್ರವರಿ, ಮಾರ್ಚ್ ಬೆಸ್ಟು.

ಊಟದ ಮೇಜಿಗೆ ಮಾತ್ರ ಅರಗು ಬೇಡ. ಬಿಸಿ ಸಾರಿನ ಪಾತ್ರೆ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಅದಕ್ಕೆ ಪಿಯು ಹಾಕಿಸಿ, ಆದರೆ ಮನೆಯೊಳಗೆ ಸ್ಪ್ರೇ ಮಾಡಿಸಬೇಡಿ. ಗಟ್ಟಿಯಾಗಲು ಬೆರೆಸುವ ಆ ಎರಡನೇ ಡಬ್ಬಿಯ ಹೊಗೆ ಉಸಿರಾಟಕ್ಕೆ ಒಳ್ಳೆಯದಲ್ಲ. ಆಸ್ತಮಾ ಇರುವವರು ದೂರವೇ ಇರಿ. ಅಗಸೆ ಎಣ್ಣೆ ಹಚ್ಚುವವರಿಗೂ ಒಂದು ಮಾತು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಕಥೆಯಲ್ಲ. ಬಿಡಿಸಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಹಳೆ ಬಣ್ಣ ಬಳಿದ ಬಾಗಿಲು, ಕಪಾಟು ಉಜ್ಜುವಾಗ ಮಾಸ್ಕ್ ಇರಲಿ, ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಹಳೆ ಬಣ್ಣದಲ್ಲಿ ಸೀಸ ಇರುತ್ತಿತ್ತು. ಮನೆಯಲ್ಲಿ ಮಗು ಇದ್ದರೆ ಈ ಕೆಲಸ ಹೊರಗೇ ಮಾಡಿಸಿ.

ಮತ್ತಿಕೆರೆಯಿಂದ

ಬೀರು ಬೇಕು ಅಂದಿದ್ದೀರಿ. ಮರದ್ದೇ ಯಾಕೆ? ಎರಡನೇ ಮಹಡಿಗೆ ತೇಗದ ಬೀರು ಹೊರುವ ಹಮಾಲಿಗಳು ನಿಮ್ಮ ಬಜೆಟ್ ತಿಂದುಬಿಡುತ್ತಾರೆ. ಹಳೆ ಗಾಡ್ರೇಜ್ ಥರದ ಕಬ್ಬಿಣದ ಬೀರು ನೋಡಿ. ದಪ್ಪ ತಗಡು, ತುಕ್ಕು ಸಾಮಾನ್ಯವಾಗಿ ಕಾಲ ಹತ್ತಿರ ಮಾತ್ರ. ನನ್ನದನ್ನು ಕಾರ್ ಟಿಂಕರಿಂಗ್ ಅಂಗಡಿಗೆ ಕೊಟ್ಟೆ. ಅವರು ಡೊಂಕು ತೆಗೆದು, ತುಕ್ಕು ಕೆರೆದು, ಪ್ರೈಮರ್ ಹಾಕಿ, ಕಾರಿಗೆ ಹೊಡೆಯುವ ಬಣ್ಣವನ್ನೇ ಹೊಡೆದರು. ಕೆಲಸ ಇಲ್ಲದ ದಿನ ನೋಡಿ ಕೇಳಬೇಕು. "ಬೀರುಗೆ ಕಾರ್ ಬಣ್ಣಾನಾ ಸಾರ್?" ಅಂತ ಮೊದಲು ನಗುತ್ತಾರೆ, ಆಮೇಲೆ ಅವರಿಗೇ ಹುರುಪು ಬರುತ್ತೆ. ನಮ್ಮದು ಈಗ ಹಳೆ ಅಂಬಾಸಿಡರ್ ಥರ ಕ್ರೀಮ್ ಬಣ್ಣ. ಬೀಗದ ಕೈ ಇಲ್ಲದ ಬೀರು ಅಗ್ಗಕ್ಕೆ ಸಿಗುತ್ತದೆ, ಬೀಗ ರಿಪೇರಿಯವರು ಮಾಡಿಕೊಡುತ್ತಾರೆ. ಕೊಳ್ಳುವ ಮುಂಚೆ ಮೆಟ್ಟಿಲ ತಿರುವನ್ನು ಟೇಪ್ ಹಿಡಿದು ಅಳೆಯಿರಿ. ನಾನು ಅಳೆದಿರಲಿಲ್ಲ, ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದೆವು. ಇಡೀ ಬೀದಿ ನಿಂತು ನೋಡಿತು.

ವೈಟ್‌ಫೀಲ್ಡ್‌ನಿಂದ

ನಮ್ಮ ಕಡೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳೇ ದೊಡ್ಡ ಮಾರುಕಟ್ಟೆ. ಶಾಲೆ ಮುಗಿಯುವ ಏಪ್ರಿಲ್, ಮೇನಲ್ಲಿ ಊರು ಬಿಡುವವರು ಜಾಸ್ತಿ. ಖಾಲಿ ಮಾಡುವ ಹಿಂದಿನ ದಿನ ಬೆಲೆ ಅರ್ಧ. ಸಾಗಿಸೋದಕ್ಕೆ ಟಾಟಾ ಏಸ್ ಸಾಕು.

ಆನ್‌ಲೈನಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಕಣ್ಣಾರೆ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಬೇಡ. ನೀವೇ ಮಾರುವಾಗ ಯಾರಾದರೂ "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಫೋನ್ ಇಡಿ. ದುಡ್ಡು ಬರೋದಕ್ಕೆ ಪಿನ್ ಬೇಕಾಗಲ್ಲ, ಹೋಗೋದಕ್ಕೆ ಮಾತ್ರ ಬೇಕು. ನನ್ನ ತಮ್ಮ ಇಂಜಿನಿಯರ್, ಅವನೂ 8,000 ಕಳೆದುಕೊಂಡ.

ಚಾಮರಾಜಪೇಟೆಯಿಂದ

ಗಡಿಯಾರದ ಆಸೆ ಬಿಡಬೇಡಿ ಮೇಡಂ. ಆದರೆ ಡಯಲ್ ಮೇಲಿನ ಹೆಸರು ನಂಬಬೇಡಿ. ಅನ್ಸೋನಿಯಾ, ಯುಂಗ್‌ಹನ್ಸ್, ಸೀಕೋಶಾ ಅಂತ ಹಳೆ ಕಂಪನಿ ಹೆಸರು ಹೊಸದಾಗಿ ಬರೆಸಿದ ಡಯಲ್ ಎಷ್ಟೋ ಇವೆ. ಹಿಂಬದಿ ತೆರೆಸಿ ಮಿಷನ್ ನೋಡಿ. ಹಳೆ ಪೆಟ್ಟಿಗೆಗೆ ಬ್ಯಾಟರಿ ಮಿಷನ್ ಕೂರಿಸಿ ಲೋಲಕ ಸುಮ್ನೆ ಆಡುವ ಹಾಗೆ ಮಾಡಿರುತ್ತಾರೆ. ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿ ಕೇಳಿ. ಟಿಕ್ಕಿಗೂ ಟಕ್ಕಿಗೂ ಸಮ ಅಂತರ ಇರಬೇಕು. ಕುಂಟುವ ಸದ್ದು ಬಂದರೆ ಪೆಟ್ಟಿಗೆಯನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ವಾಲಿಸಿ ನೋಡಿ, ಅನೇಕ ಸಲ ಅಷ್ಟೇ ತೊಂದರೆ. ಮನೆಯಲ್ಲಿ ನಿಧಾನ ಓಡಿದರೆ ಲೋಲಕದ ಕೆಳಗಿನ ತಿರುಪು ಮೇಲಕ್ಕೆ ತಿರುಗಿಸಿ, ವೇಗ ಆದರೆ ಕೆಳಕ್ಕೆ. ಸ್ಪ್ರಿಂಗ್ ಮಾತ್ರ ನೀವು ಬಿಚ್ಚಬೇಡಿ. ಬಿಟ್ಟರೆ ಬೆರಳು ಹೋಗುತ್ತೆ.

ಹಳೆ ವಾಲ್ವ್ ರೇಡಿಯೋ ಸಿಕ್ಕರೂ ನೇರ ಪ್ಲಗ್ಗಿಗೆ ಹಾಕಬೇಡಿ. ಕರೆಂಟು ಬಲ್ಬಿನ ಮೂಲಕ ಹಾದು ಬರುವ ಹಾಗೆ ಸೀರೀಸ್ ಬಲ್ಬ್ ಇಟ್ಟು ನೋಡುವ ಹಳೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಮೊದಲು ಹೋಗಿರೋದು ಸಾಮಾನ್ಯವಾಗಿ ಕೆಪ್ಯಾಸಿಟರ್. ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆ. ನನ್ನ ಮರ್ಫಿ ರೇಡಿಯೋದಲ್ಲಿ 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಬೆಂಗಳೂರು ಆಕಾಶವಾಣಿ ಬಂದ ದಿನ ನಮ್ಮಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದುಬಿಟ್ಟರು. ಇನ್ನೊಂದು, ಚಕ್ರ ತಿರುಗಿಸುವ ಹಳೆ ಫೋನ್ ಸಿಕ್ಕರೆ ತಿರುಗಿಸಿ ನೋಡಿ, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಗುರುತು ಇದ್ದರೆ ನಮ್ಮದೇ ಸಾಮಾನು. 1948ರಲ್ಲಿ ಇಲ್ಲೇ ಶುರುವಾದ ಕಾರ್ಖಾನೆ ಅದು.

ಮಲ್ಲೇಶ್ವರದಿಂದ

ಬೆತ್ತದ ಕುರ್ಚಿಗೆ ಒಂದೇ ಮಾತು. ಚೌಕಟ್ಟು ಅಲ್ಲಾಡದಿದ್ದರೆ ಹರಿದ ಬೆತ್ತ ನೋಡಿ ಹಿಂಜರಿಯಬೇಡಿ, ಅದೇ ಅಗ್ಗಕ್ಕೆ ಸಿಗೋದು. ಮತ್ತೆ ಹೆಣೆಸಬಹುದು. ಪ್ಲಾಸ್ಟಿಕ್ ದಾರ ಬೇಡ, ನಿಜವಾದ ಬೆತ್ತವೇ ಬೇಕು ಅಂತ ಮೊದಲೇ ಹೇಳಿ. ಬೆತ್ತವನ್ನು ನೀರಲ್ಲಿ ನೆನೆಸಿ ಹೆಣೆಯುತ್ತಾರೆ, ಒಣಗಿದಾಗ ತಾನೇ ಬಿಗಿಯುತ್ತೆ. ಹೆಣೆದ ದಿನವೇ ಕೂತು ನೋಡಬೇಡಿ, ನನ್ನ ಅಳಿಯ ಕೂತರು.

ಹಿತ್ತಾಳೆ ಪಾತ್ರೆ ಕಂಡರೆ ತೂಕಕ್ಕೆ ತಗೊಳ್ಳಿ. ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆ ಬಳಿದ ಕಬ್ಬಿಣ. ಅಡುಗೆಗೆ ಬಳಸುವುದಾದರೆ ಕಲಾಯಿ ಹಾಕಿಸದೆ ಹುಳಿ ಬೇಯಿಸಬೇಡಿ. ಕಲಾಯಿ ಅಂದರೆ ತವರ, 232 ಡಿಗ್ರಿಗೆ ಕರಗುತ್ತದೆ, ಖಾಲಿ ಪಾತ್ರೆ ಒಲೆ ಮೇಲೆ ಮರೆಯಬೇಡಿ. ಮತ್ತೆ, ದಂತದ ಕೆತ್ತನೆ ಇರುವ ಬೀಟೆ ಪೆಟ್ಟಿಗೆ ಯಾರಾದರೂ ತೋರಿಸಿದರೆ ಎಷ್ಟೇ ಚೆಂದ ಇದ್ದರೂ ಬೇಡ. ಆನೆದಂತ ಮಾರೋದು, ಕೊಳ್ಳೋದು ಎರಡೂ ಅಪರಾಧ.

ಕತ್ರಿಗುಪ್ಪೆಯಿಂದ, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಲೆಕ್ಕ ಒಪ್ಪಿಸುತ್ತೇನೆ. ಮೇಜು ತೇಗದ್ದು, 11,500. ಕಬ್ಬಿಣದ ಬೀರು 6,000, ಟಿಂಕರಿಂಗ್ ಅಂಗಡಿಯಲ್ಲಿದೆ, ಹಸಿರು ಬಣ್ಣ. ಕುರ್ಚಿ ಎರಡು, ಬೆತ್ತ ಹರಿದದ್ದೇ. ಕಪ್ಪು ಕಾಗದದ ಪರೀಕ್ಷೆಯಲ್ಲಿ ಮೇಜು ಪಾಸ್. ದಿನಾ ಬೆಳಗ್ಗೆ ಕಾಗದ ನೋಡೋ ಡ್ಯೂಟಿ ನಮ್ಮತ್ತೆಯದು. ಗಡಿಯಾರ ಇನ್ನೂ ಸಿಕ್ಕಿಲ್ಲ. ಒಂದೇ ತೊಂದರೆ: ಮೇಜಿನ ಡ್ರಾ ತೆಗೆದರೆ ಮುಗ್ಗಲು ವಾಸನೆ. ನುಸಿ ಗುಳಿಗೆ ಹಾಕಿದೆ, ಈಗ ಎರಡೂ ವಾಸನೆ ಬರುತ್ತಿದೆ.

ರಾಜಾಜಿನಗರದಿಂದ

ಗುಳಿಗೆ ತೆಗೆಯಿರಿ. ಡ್ರಾ ಹೊರಗೆಳೆದು ಎರಡು ದಿನ ಎಳೆ ಬಿಸಿಲಿಗಿಡಿ, ನೇರ ಸುಡು ಬಿಸಿಲಲ್ಲಿ ಅಲ್ಲ, ಹಲಗೆ ಸೀಳುತ್ತೆ. ಆಮೇಲೆ ಒಳಗಡೆ ಮಾತ್ರ ಅರಗು ಎರಡು ಕೈ ಎಳೆಯಿರಿ. ವಾಸನೆ ಒಳಗೇ ಮುಚ್ಚಿಹೋಗುತ್ತೆ. ಎಣ್ಣೆ ಹಚ್ಚಬೇಡಿ, ಕಮಟು ಹಿಡಿಯುತ್ತೆ. ನನ್ನ ಹತ್ತಿರ ಅರಗು ಅರ್ಧ ಬಾಟಲಿ ಉಳಿದಿದೆ, ಈ ಕಡೆ ಬಂದರೆ ಹೇಳಿ, ಕೊಡುತ್ತೇನೆ.