ಗಿಟಾರಿನ ಫಜ್ ಸೌಂಡ್ (ಸದ್ದನ್ನ ಒರಟಾಗಿ ಒಡೆಯೋ ಪೆಡಲಿನದು) ಒಬ್ಬನೇ ನುಡಿಸಿದ್ರೆ ಸೂಪರ್, ಬ್ಯಾಂಡ್ ಜೊತೆ ಮಾಯ. ಸೆಟ್ಟಿಂಗ್ ಹೇಗಿಡೋದು?

ಆರನೇತಂತಿ:
ಹಂಬಕರ್ (ಎರಡು ಕಾಯಿಲ್ ಪಿಕಪ್ಪಿನ) ಗಿಟಾರ್, ಬಫರ್ಡ್ ಟ್ಯೂನರ್ (ಸಿಗ್ನಲ್ಲಿಗೆ ಬಲ ಕೊಡೋ ಬಫರ್ ಸರ್ಕ್ಯೂಟ್ ಒಳಗಿರೋದು), ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಫೇಸ್ ಕ್ಲೋನ್, ಬಿಗ್ ಮಫ್ (ಇವೆರಡೂ ಫಜ್ ಪೆಡಲ್), ಆಮೇಲೆ ಟ್ಯೂಬ್ ಆಂಪಿನ ಕ್ಲೀನ್ ಚಾನೆಲ್. ಇದೇ ಕ್ರಮ. ಸ್ಪೀಕರ್ ಹರಿದಂಥ ಒರಟು ಸದ್ದು ಬೇಕು. ಆದ್ರೆ ಫಜ್ ಫೇಸ್ ತೆಳ್ಳಗೆ, ಕಿವಿ ಚುಚ್ಚೋ ಹಾಗಿದೆ. ಮಫ್ ದಪ್ಪಗಿದೆ, ಆದ್ರೆ ಬೇಸು ಡ್ರಮ್ಸು ಶುರುವಾದ ಕೂಡ್ಲೇ ಕೇಳ್ಸೋದೇ ಇಲ್ಲ. ಎರಡನ್ನೂ ಒಟ್ಟಿಗೆ ಆನ್ ಮಾಡಿದ್ರೆ ಬರೀ ಗದ್ದಲ.

ಬೆಸುಗೆ_ಕಡ್ಡಿ:
ಮೊದಲು ಟ್ಯೂನರನ್ನ ಫಜ್ ಫೇಸ್ ಆದ್ಮೇಲೆ ಹಾಕಿ. ಫಜ್ ಫೇಸ್ ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಒಳಬರೋ ಸಿಗ್ನಲ್ಲಿಗೆ ಒಡ್ಡೋ ತಡೆ) ತುಂಬಾ ಕಮ್ಮಿ. ನೇರ ಗಿಟಾರಿನ ಪಿಕಪ್ಪಿಗೆ (ತಂತಿಯ ಕಂಪನವನ್ನ ಸಿಗ್ನಲ್ ಮಾಡೋ ಭಾಗಕ್ಕೆ) ಸೇರಿದಾಗ ಅದರ ಮೇಲೆ ಲೋಡ್ ಬಿದ್ದು ಮೇಲಿನ ಕರ್ಕಶ ತಾನಾಗೇ ಇಳಿಯುತ್ತೆ. ಮಧ್ಯ ಬಫರ್ ಬಂದ್ರೆ ಆ ಸಂಬಂಧವೇ ಕಡಿದುಹೋಗುತ್ತೆ, ಅದಕ್ಕೇ ಚುಚ್ಚೋದು. ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಸದ್ದು ತಿಳಿಯಾಗೋ ಗುಣವೂ ಬಫರ್ ಇದ್ರೆ ಸಿಗಲ್ಲ.

ಪವರ್ ನೋಡ್ಕೊಳ್ಳಿ. ಪಿಎನ್‌ಪಿ ಟ್ರಾನ್ಸಿಸ್ಟರಿನ ಜರ್ಮೇನಿಯಂ ಪೆಡಲ್ ಪಾಸಿಟಿವ್ ಗ್ರೌಂಡ್ (ಸಪ್ಲೈಯ ಪ್ಲಸ್ಸೇ ಗ್ರೌಂಡ್) ಆಗಿದ್ರೆ ಬೇರೆ ಪೆಡಲುಗಳ ಡೇಸಿ ಚೈನಿಗೆ (ಒಂದೇ ಸಪ್ಲೈಯಿಂದ ಹಲವು ಪೆಡಲಿಗೆ ಹೋಗೋ ವೈರಿಗೆ) ಸೇರಿಸ್ಲೇಬೇಡಿ, ಸಪ್ಲೈ ಶಾರ್ಟ್ ಆಗುತ್ತೆ. 9 ವೋಲ್ಟ್ ಬ್ಯಾಟರಿ ಅಥವಾ ಐಸೊಲೇಟೆಡ್ (ಬೇರೆಯವುಗಳ ಜೊತೆ ಸಂಪರ್ಕವಿಲ್ಲದ) ಔಟ್‌ಪುಟ್ ಕೊಡಿ.

ಮಿಡ್_ಬೇಕು:
ಮಫ್ ಮಾಯವಾಗೋದು ವಾಲ್ಯೂಮ್ ಸಾಲದೆ ಅಲ್ಲ. ಅದರ ಟೋನ್ ಸರ್ಕ್ಯೂಟ್ 1 ಕಿಲೋಹರ್ಟ್ಸ್ ಆಸುಪಾಸಿನ ಮಿಡ್ಸನ್ನ (ಮಧ್ಯದ ಆವರ್ತನಗಳನ್ನ) ಗುಂಡಿ ತೋಡಿದ ಹಾಗೆ ತೆಗೆಯುತ್ತೆ. ಬ್ಯಾಂಡಿನಲ್ಲಿ ಗಿಟಾರ್ ಕೇಳ್ಸೋದೇ ಅಲ್ಲಿ. ಉಳಿದ ಬಾಟಮ್ಮನ್ನ ಬೇಸ್ ನುಂಗುತ್ತೆ, ಟಾಪನ್ನ ಸಿಂಬಲ್ಸ್. ಮಫ್ಫಿನ ಸಸ್ಟೇನ್ ನಾಬನ್ನ (ಫಜ್ ಪ್ರಮಾಣ) ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 10 ಗಂಟೆ ಜಾಗಕ್ಕೆ ಇಳಿಸಿ. ಮಫ್ ಆದ್ಮೇಲೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಇಡಿ: ಡ್ರೈವ್ ಸೊನ್ನೆ, ಲೆವೆಲ್ 2 ಗಂಟೆ. ಅದು 720 ಹರ್ಟ್ಸ್ ಹತ್ತಿರ ಉಬ್ಬಿಸಿ ಕೆಳಗಿನ ಗುಂಯ್‌ಗುಡೋದನ್ನ ಕತ್ತರಿಸುತ್ತೆ. ಆಂಪಿನಲ್ಲಿ ಬೇಸ್ 3, ಮಿಡ್ 7, ಟ್ರೆಬಲ್ 5ರಿಂದ ಶುರು ಮಾಡಿ. ಪೂರ್ತಿ ಕ್ಲೀನ್ ಬೇಡ, ಜೋರಾಗಿ ಬಾರಿಸಿದಾಗ ಆಂಪ್ ಒಡೆಯೋಕೆ ಶುರುವಾಗೋ ಹಂತದಲ್ಲಿಡಿ.

ರೂಮಲ್ಲಿ ಈ ಸೆಟ್ಟಿಂಗ್ ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತೆ. ಬ್ಯಾಂಡ್ ಜೊತೆ ಕೇಳೋ ತನಕ ಮುಟ್ಟಬೇಡಿ.

ಆರನೇತಂತಿ:
ಟ್ಯೂನರ್ ಸರಿಸಿದೆ, ಫಜ್ ಫೇಸ್ ಮೈ ತುಂಬ್ಕೊಂಡು ಬಂತು! ಆದ್ರೆ ಹರಿದ ಸ್ಪೀಕರ್ ಸದ್ದು ಇನ್ನೂ ಇಲ್ಲ, ನಯವಾಗೇ ಇದೆ.

ಬೆಸುಗೆ_ಕಡ್ಡಿ:
ಅದು ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡೋ ವೋಲ್ಟೇಜ್ ಮಟ್ಟ) ವಿಷಯ. ಫಜ್ ಫೇಸಿನ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಲ್ಲಿ ಸುಮಾರು 4.5 ವೋಲ್ಟ್ ಇದ್ರೆ ನಯ (ಪಿಎನ್‌ಪಿಯಲ್ಲಿ ಮೈನಸ್ ತೋರಿಸುತ್ತೆ). ಅಲ್ಲಿರೋ 8.2 ಕಿಲೋಓಮ್ ರೆಸಿಸ್ಟರ್ ತೆಗೆದು 20 ಕಿಲೋಓಮಿನ, ತಿರುಗಿಸಿ ಬದಲಿಸಬಹುದಾದ ಟ್ರಿಮ್‌ಪಾಟ್ ಹಾಕಿ, ಕಿವಿಯಲ್ಲಿ ಕೇಳ್ತಾ ತಿರುಗಿಸಿ. ಆ 4.5 ವೋಲ್ಟಿನ ಮಧ್ಯದಿಂದ ದೂರ ಹೋದಷ್ಟೂ ಅಲೆಯ ಒಂದು ಬದಿ ಬೇಗ ಕತ್ತರಿಸಿ ಹರಕು ಬರುತ್ತೆ. ತೀರಾ ಹೋದ್ರೆ ಸ್ವರ ಕ್ಷೀಣಿಸುವಾಗ ಉಗುಳಿದ ಹಾಗೆ ಪಟ್ಟನೆ ನಿಲ್ಲುತ್ತೆ. ಜರ್ಮೇನಿಯಂ ಬಿಸಿಗೆ ಕರೆಂಟ್ ಲೀಕ್ ಜಾಸ್ತಿ ಮಾಡಿ ಬಯಾಸನ್ನ ಸರಿಸುತ್ತೆ, ಹಾಗಾಗಿ ನುಡಿಸೋ ಜಾಗದಲ್ಲೇ ಸೆಟ್ ಮಾಡಿ.

ಎರಡು ಫಜ್ ಒಟ್ಟಿಗೆ ಹಾಕೋದಾದ್ರೆ ಪವರ್ ಕಾರ್ಡ್ (ಮೂಲ ಸ್ವರ, ಐದನೇ ಸ್ವರ ಎರಡೇ ಇರೋದು) ಮಾತ್ರ. ಮೇಜರ್, ಮೈನರ್ ಕಾರ್ಡಿನ ಮೂರನೇ ಸ್ವರ ಅಷ್ಟು ಕ್ಲಿಪ್ಪಿಂಗಲ್ಲಿ (ಅಲೆಯ ತುದಿ ಕತ್ತರಿಸೋದರಲ್ಲಿ) ಉಳಿದವುಗಳ ಜೊತೆ ಬೆರೆತು ಅಪಸ್ವರ ಹುಟ್ಟಿಸುತ್ತೆ. ನೀವು ಕೇಳಿದ ಗದ್ದಲ ಅದೇ.