ಫ್ರೆಂಚ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ?

ಜಯನಗರದವಳು: ಫ್ರೆಂಚ್ ಕಲಿಯಲು ಶುರು ಮಾಡಿ ಎರಡು ತಿಂಗಳಾಯಿತು. 'ನಾವು ಮಾತಾಡುತ್ತೇವೆ' ಅನ್ನೋದಕ್ಕೆ ಬರುವ 'ಪಾರ್ಲೋಂ' ಪದವನ್ನು ಕನ್ನಡದ ಥರ ಮೊದಲೇ ಒತ್ತಿ ಹೇಳುತ್ತೇನೆ, ಮೇಡಂ ಪ್ರತಿ ಸಲ ತಿದ್ದುತ್ತಾರೆ. ಒತ್ತು ಎಲ್ಲಿ ಹಾಕಬೇಕು?

ಮೆಟ್ರೋ ಪ್ರಯಾಣಿಕ: ಕೊನೆಯ ಸಿಲಬಲ್ (ಒಂದೇ ಸಲಕ್ಕೆ ಉಚ್ಚರಿಸುವ ಪದದ ತುಣುಕು) ಮೇಲೆ. ಪಾರ್-ಲೋಂ, 'ಲೋಂ' ಸ್ವಲ್ಪ ಎಳೆಯಿರಿ. ಆದರೆ 'ಅವರು ಮಾತಾಡುತ್ತಾರೆ' ಅನ್ನುವಾಗ ಹುಷಾರು. ಬರಹದಲ್ಲಿ ಕೊನೆಗೆ ಇ, ಎನ್, ಟಿ ಇರುತ್ತವೆ, ಮೂರೂ ಮೌನ. 'ಇಲ್ ಪಾರ್ಲ್' ಅಷ್ಟೇ, ಕ್ರಿಯಾಪದ ಒಂದೇ ಸಿಲಬಲ್. ನಾನು ಸುಮ್ನೆ 'ಪಾರ್ಲೆಂಟ್' ಅಂತ ಓದುತ್ತಿದ್ದೆ, ಬಿಸ್ಕೆಟ್ ನೆನಪಾಗಿ!

ಹಳೇ ವಿದ್ಯಾರ್ಥಿ: ಒತ್ತು ಒಂದೊಂದು ಪದಕ್ಕಲ್ಲ, ಒಂದೇ ಉಸಿರಲ್ಲಿ ಹೇಳುವ ಗುಂಪಿಗೆ. 'ನು ಪಾರ್ಲೋಂ ಫ್ರಾಂಸೆ' (ನಾವು ಫ್ರೆಂಚ್ ಮಾತಾಡುತ್ತೇವೆ) ಅಂತ ಹೇಳಿದರೆ 'ಲೋಂ' ಸಪ್ಪೆಯಾಗಿ, ಒತ್ತು ಕೊನೆಯ 'ಸೆ'ಗೆ ಹೋಗುತ್ತದೆ.

ಜಯನಗರದವಳು: ಓ, ಅದಕ್ಕೇ 'ಪಾರ್ಲೆ ವೂ' (ನೀವು ಮಾತಾಡುತ್ತೀರಾ) ಅಂದಾಗ 'ವೂ' ಜಾಸ್ತಿ ಕೇಳಿಸುತ್ತದೆ, ಅಲ್ವಾ?