ಈಜಿಪ್ಟಿನ ಮೊಸಾಯಿಕ್ ಗಾಜಿನೊಳಗೆ ಹೋರಿ ಮೂಡಿದ್ದು ಹೇಗೆ?

ಪ್ರಶ್ನೆ

ಈಜಿಪ್ಟನ್ನಾಳಿದ ಟಾಲೆಮಿ ಅರಸರ ಕೊನೆಗಾಲದ್ದೆಂದು (ಕ್ರಿ.ಪೂ. 1ನೆಯ ಶತಮಾನ) ಹೇಳಲಾದ ಗಾಜಿನ ಬಿಲ್ಲೆಯೊಂದರ ಛಾಯಾಚಿತ್ರವನ್ನು ನೋಡುತ್ತಿದ್ದೇನೆ. ಹೆಬ್ಬೆರಳಿನ ಉಗುರಿಗಿಂತ ತುಸುವೇ ದೊಡ್ಡದಾದ ಕಡುನೀಲಿ ಚೌಕದೊಳಗೆ, ಪ್ರಾಚೀನ ಈಜಿಪ್ಟಿನವರು ಪೂಜಿಸುತ್ತಿದ್ದ ಅಪಿಸ್ ಹೋರಿ ಹೆಜ್ಜೆಯಿಡುತ್ತಿದೆ. ಕೊಂಬುಗಳ ನಡುವೆ ಸೂರ್ಯಬಿಂಬವಿದೆ, ಗೊರಸಿನ ಸೀಳು ಕೂಡ ಕಾಣುತ್ತದೆ. ಇಷ್ಟು ಸಣ್ಣ ಗೆರೆಗಳನ್ನು ಕುಂಚದಿಂದ ಬರೆದರೇ, ಅಥವಾ ಗಾಜನ್ನು ಕೊರೆದು ಬಣ್ಣ ತುಂಬಿದರೇ? ಕೆಂಪು ಬಿಂಬದ ಅಂಚು ಹಸಿರಾಗಿರುವುದೇಕೆ? ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಈಜಿಪ್ಟಿನ ಪುರಾತನ ನಗರ ಅಮರ್ನದ ಗಾಜಿನ ಮೀನು (ಮೀನಿನಾಕಾರದ ಕುಪ್ಪಿ) ಕೂಡ ಇದೇ ಬಗೆಯದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಕುಂಚವೂ ಅಲ್ಲ, ಕೊರೆತವೂ ಅಲ್ಲ. ಬಣ್ಣಬಣ್ಣದ ಗಾಜಿನ ಕಡ್ಡಿಗಳನ್ನೂ ಪಟ್ಟಿಗಳನ್ನೂ, ಅವುಗಳ ಅಡ್ಡಕೊಯ್ತದಲ್ಲಿ ಹೋರಿಯ ಆಕಾರ ಕಾಣುವಂತೆ ಜೋಡಿಸಿ, ಕಾಲುಗಳ ನಡುವಿನ ಸಂದಿಗಳಿಗೂ ನೀಲಿ ಗಾಜನ್ನೇ ತುಂಬಿ, ಇಡೀ ಕಂತೆಯನ್ನು ಒಂದಾಗಿ ಬೆಸೆಯುವವರೆಗೆ ಕಾಯಿಸುತ್ತಿದ್ದರು. ಆಮೇಲೆ ಮೆತ್ತಗಾದ ಆ ದಿಂಡನ್ನು ಉದ್ದಕ್ಕೆ ಎಳೆಯುತ್ತಿದ್ದರು. ಗುಟ್ಟಿರುವುದು ಈ ಎಳೆತದಲ್ಲಿ: ನೂರು ಪಟ್ಟು ಉದ್ದವಾದಾಗ ಅಗಲ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಚಿತ್ರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಗೊರಸಿನ ಸೀಳನ್ನು ಕೂದಲೆಳೆಯಷ್ಟು ಸಣ್ಣದಾಗಿ ಯಾರೂ ಮಾಡಬೇಕಾಗಿರಲಿಲ್ಲ. ಕೈಗೆ ಸಿಗುವ ಅಳತೆಯಲ್ಲಿ ಜೋಡಿಸಿದರೆ ಸಾಕಾಗಿತ್ತು. ತಣಿದ ದಿಂಡನ್ನು ಹೋಳು ಮಾಡಿ ಉಜ್ಜಿದರೆ ಒಂದೊಂದು ಹೋಳಿನಲ್ಲೂ ಅದೇ ಹೋರಿ. ಇಂಥ ಬಿಲ್ಲೆಗಳನ್ನು ಮರದ ಮಂಟಪ, ಪೆಟ್ಟಿಗೆಗಳಲ್ಲಿ ಕೂರಿಸುತ್ತಿದ್ದರು.

ಎಲ್ಲ ಬಣ್ಣದ ಗಾಜುಗಳೂ ಹೆಚ್ಚುಕಡಿಮೆ ಒಂದೇ ಶಾಖದಲ್ಲಿ ಮೆತ್ತಗಾಗಬೇಕು, ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲವಾದರೆ ದಿಂಡು ಬಿರಿಯುತ್ತದೆ. ನನ್ನ ದೃಷ್ಟಿಯಲ್ಲಿ ಚಿತ್ರ ಜೋಡಿಸುವ ಕೈಚಳಕಕ್ಕಿಂತ ದೊಡ್ಡ ವಿದ್ಯೆ ಇದೇ.

ಉತ್ತರ 2

ಹಸಿರು ಅಂಚಿನ ಬಗ್ಗೆ: ಈ ಅಪಾರದರ್ಶಕ ಕೆಂಪು ತಾಮ್ರದಿಂದ ಬಂದದ್ದು. ಗಾಳಿಯ ಆಮ್ಲಜನಕ ಹೆಚ್ಚಾಗಿ ತಾಗದಂತೆ ಕಾಯಿಸಿದಾಗ ಮಾತ್ರ ಗಾಜಿನೊಳಗೆ ತಾಮ್ರವು ಕೆಂಪು ಕಣಗಳಾಗಿ ನಿಲ್ಲುತ್ತದೆ. ಶತಮಾನಗಳ ತೇವಕ್ಕೆ ಮೇಲ್ಮೈ ಕೆಟ್ಟಾಗ ಅದೇ ತಾಮ್ರ ಹಸಿರಿಗೆ ತಿರುಗುತ್ತದೆ. ಆದ್ದರಿಂದ ಅದನ್ನು ಕಲಾವಿದನ ಆಯ್ಕೆಯೆಂದು ಭಾವಿಸಬೇಡಿ. ಹಳದಿಗೆ ಸೀಸ ಮತ್ತು ಆಂಟಿಮನಿ, ಕಡುನೀಲಿಗೆ ಕೋಬಾಲ್ಟ್.

ಅಮರ್ನದ ಮೀನಿನ ಸಂಗತಿಯೇ ಬೇರೆ. 1921ರಲ್ಲಿ ಸಿಕ್ಕ ಅದು ಕ್ರಿ.ಪೂ. 14ನೆಯ ಶತಮಾನದ್ದು, ಎಂದರೆ ನಿಮ್ಮ ಹೋರಿಗಿಂತ ಸುಮಾರು 1,300 ವರ್ಷ ಹಳೆಯದು. ಕಡ್ಡಿಯ ತುದಿಯ ಮಣ್ಣಿನ ಅಚ್ಚಿನ ಮೇಲೆ ಕರಗಿದ ಗಾಜನ್ನು ಹೊದಿಸಿ, ಬಿಳಿ ಹಳದಿ ಎಳೆಗಳನ್ನು ಸುತ್ತಿ, ಬಿಸಿಯಿರುವಾಗಲೇ ಮೊನಚಾದ ಸಲಾಕೆಯಿಂದ ಅವುಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಹುರುಪೆಗಳ ವಿನ್ಯಾಸ ಮೂಡಿಸಿದ್ದಾರೆ. ಅಲ್ಲಿ ಬಣ್ಣ ಮೇಲ್ಮೈಯಲ್ಲಿ ಮಾತ್ರ ಇದೆ. ಮೊಸಾಯಿಕ್ ಬಿಲ್ಲೆಯಲ್ಲಿ ಅದು ದಪ್ಪದುದ್ದಕ್ಕೂ ಹಾಯುತ್ತದೆ.

ಉತ್ತರ 3

ಈ ಕೊನೆಯ ಮಾತೇ ಸುಲಭವಾದ ಪರೀಕ್ಷೆ: ಬಿಲ್ಲೆಯ ಬೆನ್ನಿನಲ್ಲಿ ಚಿತ್ರ ಎಡಬಲ ಬದಲಾಗಿ ಕಾಣಬೇಕು. ಇದೇ ಗುಣವನ್ನು ಬಳಸಿಕೊಂಡು, ನಾಟಕದ ಮುಖವಾಡಗಳ ಬಿಲ್ಲೆಗಳಿಗೆ ಅರ್ಧ ಮುಖದ ದಿಂಡನ್ನಷ್ಟೇ ಮಾಡಿ, ಎರಡು ಹೋಳುಗಳಲ್ಲಿ ಒಂದನ್ನು ಮಗುಚಿ ಜೋಡಿಸುತ್ತಿದ್ದರು. ಪಕ್ಕದಿಂದ ಕಾಣುವ ಹೋರಿಗೂ ಗಿಡುಗಕ್ಕೂ ಆ ಉಳಿತಾಯವಿಲ್ಲ, ಇಡೀ ದೇಹವನ್ನೇ ಜೋಡಿಸಬೇಕು.

ಪ್ರಶ್ನೆ ಕೇಳಿದವರು

ಹಿಂಬದಿಯ ಛಾಯಾಚಿತ್ರವೂ ಇತ್ತು, ಗಮನಿಸಿರಲಿಲ್ಲ. ಮುಂದೆ ಬಲಕ್ಕೆ ನಡೆಯುವ ಹೋರಿ ಅಲ್ಲಿ ಎಡಕ್ಕೆ ನಡೆಯುತ್ತಿದೆ. ಹಿಂಗಾಲಿನ ಬಳಿಯ ಸಣ್ಣ ಗುಳ್ಳೆಯೊಂದನ್ನು ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲ.